ಅಡ್ಮಿನ್‌ಗಿರಿಗೂ ಒಂದು ಅವಧಿ ಇರಲಿ
ರೋಲ್‌ಪ್ಲೇ ಸರ್ವರ್ ನಡೆಸುವ ಗೆಳೆಯರಿಗೆ ಬಹಿರಂಗ ಪತ್ರ

ಬೆಂಗಳೂರಿನ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಮನೆ, ಪಿಜಿ, ಬಾಡಿಗೆ ರೂಮುಗಳಲ್ಲಿ ಕೂತು ರಾತ್ರಿಯೆಲ್ಲ ಸರ್ವರ್ ಕಾಯುವ ಅಡ್ಮಿನ್‌ಗಳಿಗೆ, ಮಾಡ್‌ಗಳಿಗೆ, ಡೆವಲಪರ್‌ಗಳಿಗೆ ಮತ್ತು ಸರ್ವರ್ ಮಾಲೀಕರಿಗೆ:

ನಿಮ್ಮ ಸರ್ವರ್‌ಗೆ ಜನ ಬರುತ್ತಿದ್ದಾರೆ. ಅದಕ್ಕೇ ಈ ಪತ್ರ. ಜನ ಬಾರದ ಸರ್ವರ್‌ಗೆ ಯಾರ ಪತ್ರವೂ ಬೇಕಾಗಿಲ್ಲ, ಅದು ತಾನಾಗಿಯೇ ಮುಚ್ಚಿಹೋಗುತ್ತದೆ. ರಾತ್ರಿ ಹತ್ತಾದರೆ ಒಳಗೆ ಹೋಗಲು ಕ್ಯೂ. ಡಿಸ್ಕಾರ್ಡ್ ಗ್ರೂಪಿನಲ್ಲಿ ಟಿಕೆಟ್‌ಗಳ, ಅಂದರೆ ಆಟಗಾರರ ದೂರುಗಳ, ರಾಶಿ. ಹೋದ ತಿಂಗಳು ಖುಷಿಯಿಂದ ಸೇರಿದ ಮಾಡ್ ಈ ತಿಂಗಳು ಒಂದು ಮಾತೂ ಹೇಳದೆ ಗ್ರೂಪ್ ಬಿಟ್ಟು ಹೋಗಿರುತ್ತಾನೆ. ಇವೆಲ್ಲ ಬೆಳವಣಿಗೆಯ ಲಕ್ಷಣಗಳೇ. ಆದರೆ ಚೆನ್ನಾಗಿ ನಡೆಯುತ್ತಿದ್ದ ಸರ್ವರ್‌ಗಳು ಸೀಳಿ ಎರಡಾಗುವುದೂ, ಹತ್ತು ವರ್ಷದ ಗೆಳೆಯರು ಮಾತು ಬಿಡುವುದೂ ಇದೇ ಹಂತದಲ್ಲಿ. ನಾನೂ ಸ್ಟಾಫ್ ಆಗಿದ್ದವನು, ಈಗ ಬರೀ ಆಟಗಾರ. ಒಳಗಿನದೂ ಗೊತ್ತು, ಹೊರಗಿನದೂ ಕಾಣುತ್ತದೆ.

ಈ ಪತ್ರ ಕೈಗೆ ಸಿಕ್ಕ ಹೊರಗಿನವರಿಗೆ ಎರಡು ಮಾತು. ಜಿಟಿಎ-5 2013ರಲ್ಲಿ ಬಂದ ಆಟ. ಅದನ್ನು ಮಾಡಿದ ಕಂಪನಿಯ ಸರ್ವರ್‌ಗೆ ಹೋಗದೆ, ಫೈವ್‌ಎಂ ಎಂಬ ತಂತ್ರಾಂಶ ಹಾಕಿಕೊಂಡು ತಮ್ಮದೇ ಸರ್ವರ್ ಕಟ್ಟಿ, ಅದರೊಳಗೊಂದು ಊರು ನಡೆಸುವುದು ರೋಲ್‌ಪ್ಲೇ. ಒಬ್ಬ ಪೊಲೀಸ್, ಒಬ್ಬಳು ಡಾಕ್ಟರ್, ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಕಳ್ಳ. ಎಲ್ಲರೂ ಮೈಕಿನಲ್ಲಿ ಮಾತಾಡುತ್ತ, ಪಾತ್ರ ಬಿಟ್ಟುಕೊಡದೆ ಆಡಬೇಕು. ಕಾರಣವಿಲ್ಲದೆ ಗುಂಡು ಹಾರಿಸುವಂತಿಲ್ಲ. ಹೊರಗೆ ಕೇಳಿದ ಸುದ್ದಿಯನ್ನು ಪಾತ್ರದ ಬಾಯಲ್ಲಿ ಆಡಿಸುವಂತಿಲ್ಲ, ಅದಕ್ಕೆ ಮೆಟಾಗೇಮಿಂಗ್ ಎನ್ನುತ್ತಾರೆ. ಈ ನಿಯಮಗಳನ್ನು ಕಾಯುವವರು ಸಂಬಳವಿಲ್ಲದ ಸ್ಟಾಫ್, ಅಂದರೆ ಅಡ್ಮಿನ್‌ಗಳು ಮತ್ತು ಮಾಡ್‌ಗಳು (ಮಾಡರೇಟರ್‌ಗಳು). ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ಹಾಕಬೇಕು, ಯಾರ ಕಳೆದುಹೋದ ಕಾರು ವಾಪಸ್ ಕೊಡಬೇಕು ಎಂಬುದೆಲ್ಲ ಅವರ ಕೈಯಲ್ಲಿ.

ನನಗೆ ಹೇಳಬೇಕಾಗಿರುವುದು ಒಂದೇ. ಸ್ಟಾಫ್ ಸ್ಥಾನವನ್ನು ನಾವು ಬಹುಮಾನದ ಹಾಗೆ ಹಂಚುತ್ತಿದ್ದೇವೆ. ಅದನ್ನು ಪಾಳಿಯ ಹಾಗೆ ಹಂಚಬೇಕು. ಪಾಳಿಗೆ ಶುರು ಇದೆ, ಮುಗಿತಾಯ ಇದೆ, ಮುಂದಿನವರಿಗೆ ಒಪ್ಪಿಸಿ ಹೋಗುವ ಲೆಕ್ಕ ಇದೆ. ಬಹುಮಾನಕ್ಕೆ ಇವು ಯಾವುವೂ ಇಲ್ಲ. ಕೊಟ್ಟವರು ಕಿತ್ತುಕೊಂಡರೆ ಅವಮಾನ, ಪಡೆದವರು ತಾವಾಗಿ ಬಿಟ್ಟರೆ ನಷ್ಟ. ಹಾಗಾಗಿ ಯಾರೂ ಮರ್ಯಾದೆಯಿಂದ ಬಿಡುವುದಿಲ್ಲ. ಜಗಳವಾಡಿ ಬಿಡುತ್ತಾರೆ, ಇಲ್ಲವೇ ಸುಸ್ತಾಗಿ ಕಾಣೆಯಾಗುತ್ತಾರೆ.

ಈ ಅಭ್ಯಾಸವನ್ನು ನೀವು ಹುಟ್ಟುಹಾಕಿದ್ದಲ್ಲ. ಆನ್‌ಲೈನ್ ರೋಲ್‌ಪ್ಲೇ ಹುಟ್ಟಿದ ಜಾಗದಲ್ಲೇ ಅದು ಇತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆಟದ ಹೆಸರು ಮಡ್. ಚಿತ್ರವಿಲ್ಲ, ಧ್ವನಿಯಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ಅದರಲ್ಲಿ ಅಂಕ ಗಳಿಸುತ್ತ ಗಳಿಸುತ್ತ ತುದಿ ಮುಟ್ಟಿದವರು ‘ವಿಝರ್ಡ್’ ಆಗುತ್ತಿದ್ದರು. ಉಳಿದವರಿಗಿಲ್ಲದ ಶಕ್ತಿಗಳು ಅವರಿಗೆ ಸಿಗುತ್ತಿದ್ದವು. ಅಂದರೆ ಆಟ ಗೆದ್ದವರಿಗೆ ಕೊಡುವ ಬಹುಮಾನವೇ ಇತರರ ಮೇಲಿನ ಅಧಿಕಾರ. ಒಂದು ಕಾಲೇಜಿನ ಕೆಲವೇ ಮಂದಿ ಆಡುವಾಗ ಇದರಿಂದ ತೊಂದರೆಯೇನಿಲ್ಲ. ಆದರೆ ನಮ್ಮ ಸರ್ವರ್‌ಗಳಲ್ಲಿ ಇಂದಿಗೂ ಅದೇ ಪದ್ಧತಿ. ಚೆನ್ನಾಗಿ ಆಡುತ್ತಾನೆ, ದಿನಾ ಬರುತ್ತಾನೆ, ಸ್ಟ್ರೀಮ್ ಮಾಡುತ್ತಾನೆ, ಆದ್ದರಿಂದ ಮಾಡ್ ಮಾಡಿಬಿಡೋಣ. ಚೆನ್ನಾಗಿ ಕಾರು ಓಡಿಸುವವನಿಗೆ ಇಬ್ಬರ ಜಗಳ ಬಿಡಿಸುವ ತಾಳ್ಮೆ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಇಪ್ಪತ್ತು ಜನ ಇದ್ದಾಗ ಕೇಳಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು. ಜಗಳವಾದರೆ ಹಲಸೂರಿನಲ್ಲೋ ಇಂದಿರಾನಗರದಲ್ಲೋ ಟೀ ಕುಡಿಯುತ್ತ ಮುಗಿಸಬಹುದು. ಇನ್ನೂರು ಜನ ಆದಾಗ ತಪ್ಪು ಮಾಡಿದವನ ಮುಖ ನೋಡಿದವರಿಲ್ಲ. ಅವನು ಯಾವ ಊರು, ಎಷ್ಟು ವಯಸ್ಸು, ಬೇಕೆಂದೇ ಮಾಡಿದನೋ ನೆಟ್ ಕೈಕೊಟ್ಟಿತೋ ಯಾವುದೂ ಗೊತ್ತಿಲ್ಲ. ಕೈಯಲ್ಲಿರುವುದು ಮೂವತ್ತು ಸೆಕೆಂಡಿನ ಒಂದು ಕ್ಲಿಪ್. ಅದನ್ನು ಕಳಿಸಿದವನು ತನಗೆ ಬೇಕಾದ ಕಡೆಯಿಂದ ಕತ್ತರಿಸಿಯೇ ಕಳಿಸಿರುತ್ತಾನೆ.

ನಮ್ಮ ಕಡೆ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ದಂಡು ಪ್ರದೇಶದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಶಿವಾಜಿನಗರದ ಹುಡುಗ ದಖನಿಯಲ್ಲಿ ರೇಗಿಸುತ್ತಾನೆ, ಹಲಸೂರಿನವನು ತಮಿಳಿನಲ್ಲಿ ತಿರುಗಿಸಿ ಕೊಡುತ್ತಾನೆ, ಕೆ.ಆರ್. ಪುರದ ಪಿಜಿಯಲ್ಲಿರುವವನು ತೆಲುಗಿನಲ್ಲಿ ನಗುತ್ತಾನೆ, ಕೋಲಾರದಿಂದ ಬಂದವನು ಕನ್ನಡದಲ್ಲಿ ಒಂದು ಸೇರಿಸುತ್ತಾನೆ. ಟಿಕೆಟ್ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಒಬ್ಬರಿಗೆ ಸಲಿಗೆಯ ಮಾತು ಇನ್ನೊಬ್ಬರ ಕಿವಿಗೆ ಜಾತಿಯ ಬೈಗುಳ. ಆ ರಾತ್ರಿ ಡ್ಯೂಟಿಯಲ್ಲಿರುವ ಮಾಡ್‌ಗೆ ಆ ಭಾಷೆ ಬಾರದಿದ್ದರೆ ಎರಡೇ ದಾರಿ: ಇಬ್ಬರನ್ನೂ ಬ್ಯಾನ್ ಮಾಡುವುದು, ಇಲ್ಲವೇ ಟಿಕೆಟ್ ಮುಚ್ಚಿಬಿಡುವುದು. ಎರಡರಿಂದಲೂ ಒಂದು ಗುಂಪಿನ ಮನಸ್ಸಿನಲ್ಲಿ ‘ಸ್ಟಾಫ್ ಅವರ ಕಡೆ’ ಎಂಬ ಮಾತು ಕೂತುಬಿಡುತ್ತದೆ. ಒಂದು ಸಲ ಕೂತರೆ ಮುಂದಿನ ನ್ಯಾಯವಾದ ತೀರ್ಪನ್ನೂ ಯಾರೂ ನಂಬುವುದಿಲ್ಲ. ಸ್ಟಾಫ್ ಆರಿಸುವಾಗ ಆಟದ ಗಂಟೆ ಲೆಕ್ಕ ಹಾಕುವ ನಾವು ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಬರೆದಿಟ್ಟುಕೊಂಡಿದ್ದೇವೆಯೇ?

‘ನಾವು ಬರೀ ಟೆಕ್ನಿಕಲ್ ಕೆಲಸ ನೋಡಿಕೊಳ್ಳುತ್ತೇವೆ, ಜನರ ಜಗಳ ಜನರೇ ನೋಡಿಕೊಳ್ಳಲಿ’ ಎನ್ನುವ ಮಾಲೀಕರೂ ಇದ್ದಾರೆ. ಅವರು ಲ್ಯಾಂಬ್ಡಾಮೂ ಕತೆಯನ್ನು ತಿಳಿದುಕೊಳ್ಳಬೇಕು. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ತೆರೆದ ಅಕ್ಷರಲೋಕ ಅದು. ಜನ ಹೆಚ್ಚಾದರು, ದೂರು ಹೆಚ್ಚಾಯಿತು, ನಡೆಸುವ ವಿಝರ್ಡ್‌ಗಳು ಬಸವಳಿದರು. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು: ಇನ್ನು ಮುಂದೆ ವಿಝರ್ಡ್‌ಗಳು ಯಂತ್ರ ನೋಡಿಕೊಳ್ಳುವವರು ಮಾತ್ರ, ಸಮಾಜದ ತೀರ್ಮಾನಗಳು ಆಟಗಾರರಿಗೇ ಬಿಟ್ಟಿದ್ದು. ಕೆಲವೇ ತಿಂಗಳಲ್ಲಿ, 1993ರಲ್ಲಿ, ಒಬ್ಬ ಆಟಗಾರ ಒಂದು ಪ್ರೋಗ್ರಾಂ ಬಳಸಿ, ಎಲ್ಲರೂ ಸೇರುವ ಕೋಣೆಯಲ್ಲಿ, ಬೇರೆಯವರ ಪಾತ್ರಗಳ ಮೇಲೆ ಅವರ ಇಚ್ಛೆಗೆ ವಿರುದ್ಧವಾಗಿ ಲೈಂಗಿಕ ಹಿಂಸೆ ನಡೆಯುವಂತೆ ಬರೆಸಿದ. ಜನ ಸಭೆ ಸೇರಿದರು, ವಾದಿಸಿದರು, ತೀರ್ಮಾನಕ್ಕೆ ಬರಲಾಗಲಿಲ್ಲ. ಕೊನೆಗೆ ಒಬ್ಬ ವಿಝರ್ಡ್ ತಾನೇ ನಿರ್ಧರಿಸಿ ಆ ಖಾತೆಯನ್ನು ಅಳಿಸಿಹಾಕಿದ.

ಊರಿನಿಂದ ಹೊರಗಿದ್ದ ಕರ್ಟಿಸ್ ಮರಳಿ ಬಂದು ಮನವಿ ಮತ್ತು ಮತದಾನದ ವ್ಯವಸ್ಥೆ ತಂದರು. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಆ ವರ್ಷದ ಡಿಸೆಂಬರ್‌ನಲ್ಲಿ ಇದನ್ನು ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಮತದಾನವೂ ಬಹಳ ದಿನ ಬಾಳಲಿಲ್ಲ. 1996ರಲ್ಲಿ ವಿಝರ್ಡ್‌ಗಳು ಇನ್ನೊಂದು ಪ್ರಕಟಣೆ ಹೊರಡಿಸಿ, ತಾವು ಬರೀ ಯಂತ್ರ ನೋಡಿಕೊಳ್ಳುವುದು ಆಗುವ ಮಾತಲ್ಲ ಎಂದು ಒಪ್ಪಿಕೊಂಡರು. ಡೇಟಾಬೇಸ್‌ನ ಪಾಸ್‌ವರ್ಡ್ ಯಾರ ಬಳಿ ಇದೆಯೋ ಕೊನೆಯ ಮಾತು ಅವರದೇ. ಬೇಡವೆಂದರೂ ಆ ಅಧಿಕಾರ ಅವರನ್ನು ಬಿಡುವುದಿಲ್ಲ. ಹಾಗಿರುವಾಗ ಅದನ್ನು ಬಚ್ಚಿಡುವುದಕ್ಕಿಂತ ಬರೆದಿಡುವುದು ಮೇಲು.

ಇನ್ನು ಆಡುವವನೇ ತೀರ್ಪುಗಾರನಾಗುವ ವಿಷಯ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ‘ಈವ್ ಆನ್‌ಲೈನ್’ ಆಟದಲ್ಲಿ 2007ರಲ್ಲಿ ಒಂದು ಹಗರಣ ಬಯಲಾಯಿತು. ಕಂಪನಿಯ ಉದ್ಯೋಗಿಯೊಬ್ಬ ಆಟದ ಬಲಿಷ್ಠ ಕೂಟವೊಂದರಲ್ಲಿ ಗುಟ್ಟಾಗಿ ಆಡುತ್ತಿದ್ದ. ಬೇರೆಯವರಿಗೆ ಸುಲಭಕ್ಕೆ ಸಿಗದ ನೀಲನಕ್ಷೆಗಳನ್ನು ತಾನೇ ಸೃಷ್ಟಿಸಿಕೊಂಡಿದ್ದ. ಇದನ್ನು ಹೊರಗೆ ತಂದ ಆಟಗಾರನಿಗೆ ಮೊದಲು ಸಿಕ್ಕಿದ್ದು ಬ್ಯಾನ್. ಆಟಗಾರರ ಸಿಟ್ಟು ಏರಿದ ಮೇಲೆ ಕಂಪನಿ ತನ್ನ ನೌಕರರ ಮೇಲೆ ಕಣ್ಣಿಡಲು ಒಳಗೇ ಒಂದು ವಿಭಾಗ ಮಾಡಿತು. 2008ರಲ್ಲಿ ಆಟಗಾರರು ಮತ ಹಾಕಿ ಆರಿಸುವ ಒಂದು ಮಂಡಳಿ ಶುರುವಾಯಿತು. ಅದು ಈಗಲೂ ಇದೆ.

ನಮ್ಮಲ್ಲಿ ಇದರ ಚಿಕ್ಕ ರೂಪಗಳು ದಿನಾ ನಡೆಯುತ್ತವೆ. ಗ್ಯಾಂಗಿನ ಮುಖ್ಯಸ್ಥನೇ ಸೀನಿಯರ್ ಅಡ್ಮಿನ್. ಅವನ ಗ್ಯಾಂಗಿನ ಮೇಲೆ ದೂರು ಕೊಟ್ಟರೆ ಅದನ್ನು ಓದುವವನೂ ಅವನೇ. ಅವನು ಪ್ರಾಮಾಣಿಕ ಎಂದು ನಾನೂ ನಂಬುತ್ತೇನೆ. ಆದರೆ ದೂರು ಕೊಟ್ಟವನು ನಂಬಬೇಕಲ್ಲ? ಅಡ್ಮಿನ್‌ಗೆ ಎಲ್ಲರ ಮನೆ, ಎಲ್ಲರ ಬಚ್ಚಿಟ್ಟ ಸರಕು ಕಾಣುತ್ತದೆ. ಕಂಡದ್ದನ್ನು ಮರೆತು ಪಾತ್ರವಾಡುವುದು ದೊಡ್ಡ ನಟರಿಗೂ ಕಷ್ಟ. ಸಾಮಾನ್ಯ ಆಟಗಾರ ಮೆಟಾಗೇಮಿಂಗ್ ಮಾಡಿದರೆ ಮೂರು ದಿನ ಬ್ಯಾನ್, ಅಡ್ಮಿನ್ ಮಾಡಿದರೆ ‘ಅನುಭವ’. ಜನ ಸರ್ವರ್ ಬಿಡುವುದು ಸೋತದ್ದಕ್ಕಲ್ಲ, ಇದನ್ನು ನೋಡಿ.

ಈಗ ನಿಮ್ಮ ನಿದ್ದೆಯ ಮಾತು. ಹೊರವರ್ತುಲ ರಸ್ತೆಯ ಆಫೀಸಿನಲ್ಲಿ ಹಗಲೆಲ್ಲ ದುಡಿದು, ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿ ರೂಮು ಸೇರಿ, ಊಟ ಮಾಡುತ್ತಲೇ ಟಿಕೆಟ್ ತೆರೆಯುವವರು ನಿಮ್ಮಲ್ಲಿ ಅನೇಕರಿದ್ದೀರಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಅದರಲ್ಲಿದೆ, ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ ಎಂದೂ ಇದೆ. 2024ರ ಜುಲೈಯಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಚಾಚುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಎದ್ದು ವಿರೋಧಿಸಿತು. ನಮ್ಮಲ್ಲಿ ಬಹಳ ಮಂದಿ ಆ ಸುದ್ದಿ ಹಂಚಿಕೊಂಡು ಸಿಟ್ಟಾದೆವು. ಅದೇ ರಾತ್ರಿ ಮೂರು ಗಂಟೆಯವರೆಗೆ ಕೂತು ಟಿಕೆಟ್ ನೋಡದ ಮಾಡ್‌ಗೆ ‘ಇನ್‌ಆಕ್ಟಿವ್’ ಎಂದು ಎಚ್ಚರಿಕೆ ಕೊಟ್ಟವರೂ ನಮ್ಮಲ್ಲೇ ಇದ್ದರು.

ಇಷ್ಟಪಟ್ಟು ಮಾಡುವ ಕೆಲಸಕ್ಕೆ ಲೆಕ್ಕವೇನು ಎನ್ನಬೇಡಿ. ಅಮೆರಿಕದಲ್ಲಿ ಎಒಎಲ್ ಕಂಪನಿಯ ಚಾಟ್ ಕೋಣೆಗಳನ್ನು ಕಾಯುತ್ತಿದ್ದ ಸ್ವಯಂಸೇವಕರು 1999ರಲ್ಲಿ ಕೋರ್ಟಿಗೆ ಹೋದರು. ಪಾಳಿ ಹಾಕಿ, ವರದಿ ಕೇಳಿ, ತರಬೇತಿ ಕೊಟ್ಟು ದುಡಿಸಿಕೊಂಡ ಮೇಲೆ ಇದು ಸೇವೆಯಲ್ಲ, ನೌಕರಿ ಎಂಬುದು ಅವರ ವಾದ. ವರ್ಷಗಟ್ಟಲೆ ನಡೆದ ಆ ಮೊಕದ್ದಮೆ 2010ರಲ್ಲಿ ಒಂದೂವರೆ ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದ ಸ್ವಯಂಸೇವಕರೂ 2000ದಲ್ಲಿ ಇಂಥದೇ ದಾವೆ ಹೂಡಿದ್ದರು. ನಮ್ಮ ಸರ್ವರ್‌ಗಳು ಕಂಪನಿಗಳಲ್ಲ, ಲಾಭವೂ ಇಲ್ಲ, ಸಂಬಳ ಕೊಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಸಂಬಳ ಕೊಡಲಾಗದವರು ಗಂಟೆಯನ್ನೂ ಕೇಳಬಾರದು. ಕೊಟ್ಟಷ್ಟನ್ನು ಕೈಮುಗಿದು ತೆಗೆದುಕೊಳ್ಳಬೇಕು.

ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯಲ್ಲೇ 2025ರ ಅಕ್ಟೋಬರ್ ಕೊನೆಯಲ್ಲಿ ಬ್ರಿಟನ್ ಮತ್ತು ಕೆನಡಾದ ಮೂವತ್ತಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಡಿಸ್ಕಾರ್ಡ್‌ನಲ್ಲಿ ಸಂಘ ಕಟ್ಟಿದ್ದಕ್ಕೆ ತೆಗೆದರು ಎಂದು ಕಾರ್ಮಿಕ ಸಂಘ ಹೇಳಿತು, ಗೋಪ್ಯ ಮಾಹಿತಿ ಹೊರಗೆ ಹೋಗಿದ್ದಕ್ಕೆ ಎಂದು ಕಂಪನಿ ಹೇಳಿತು. ಸರಿ ತಪ್ಪು ಅಲ್ಲಿಯವರು ತೀರ್ಮಾನಿಸಲಿ. ನಮಗೆ ಬೇಕಾದ ಪಾಠ ಇಷ್ಟೇ: ಸ್ಟಾಫ್ ತಮ್ಮೊಳಗೆ ಮಾತಾಡಿಕೊಳ್ಳುವ ಜಾಗ ಎಲ್ಲಿ, ಅಲ್ಲಿನ ಮಾತಿಗೆ ಶಿಕ್ಷೆ ಇದೆಯೇ ಇಲ್ಲವೇ ಎಂಬುದು ಮೊದಲೇ ಗೊತ್ತಿರಬೇಕು. ಮಾಲೀಕರನ್ನು ಟೀಕಿಸಿದ ಸ್ಕ್ರೀನ್‌ಶಾಟ್ ಸಿಕ್ಕಿತೆಂದು ಬೆಳಗಾಗುವಷ್ಟರಲ್ಲಿ ಸ್ಟಾಫ್ ಸ್ಥಾನ ಕಿತ್ತುಹಾಕುವ ಪದ್ಧತಿ ನಮ್ಮಲ್ಲಿ ಮಾಮೂಲಾಗಿದೆ.

ಹುಡುಗರು ಇಷ್ಟೆಲ್ಲ ಸಹಿಸಿಕೊಳ್ಳಲು ಒಂದು ಆಸೆಯೂ ಕಾರಣ. ಗೇಮ್ ಕಂಪನಿಯಲ್ಲಿ ಕೆಲಸ ಸಿಗಬಹುದು ಎಂಬ ಆಸೆ. ಅದು ಹುಚ್ಚು ಆಸೆಯೇನಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಗೇಮ್ ಉದ್ಯಮಕ್ಕೆ ದಾರಿ ಹಾಕಿದ ಕಂಪನಿ. ಅದನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡು, 2019ರಲ್ಲಿ ರಾಕ್‌ಸ್ಟಾರ್‌ಗೆ ಮಾರಿತು. ಹೀಗೆ ನೀವು ರಾತ್ರಿ ಕಾಯುವ ಆಟದ ಕಂಪನಿಯ ಸ್ಟುಡಿಯೊ ಇದೇ ಊರಿನಲ್ಲಿದೆ. ಅನಿಮೇಷನ್ ಮತ್ತು ಗೇಮಿಂಗ್‌ಗಾಗಿ ಸರ್ಕಾರದ ಉತ್ಕೃಷ್ಟತಾ ಕೇಂದ್ರ 2021ರಲ್ಲಿ ಮಹದೇವಪುರದಲ್ಲಿ ಶುರುವಾಯಿತು. ಈ ಉದ್ಯಮಕ್ಕೆಂದೇ ರಾಜ್ಯದ 2024–29ರ ನೀತಿಯೂ ಇದೆ. ಆದರೆ ‘ಪೋರ್ಟ್‌ಫೋಲಿಯೊಗೆ ಒಳ್ಳೆಯದು’ ಎಂದು ಹೇಳಿ ಹುಡುಗರಿಂದ ಕೋಡ್ ಬರೆಸಿಕೊಂಡು, ಅವರು ಬಿಟ್ಟ ದಿನ ಅವರ ಹೆಸರನ್ನೇ ಅಳಿಸಿಹಾಕುವುದು ಯಾವ ನ್ಯಾಯ? ಯಾರು ಯಾವ ಸ್ಕ್ರಿಪ್ಟ್ ಬರೆದರು, ಎಷ್ಟು ಕಾಲ ಟಿಕೆಟ್ ನೋಡಿದರು ಎಂದು ಒಂದು ಪುಟದ ಪತ್ರ ಬರೆದುಕೊಡಿ. ಖರ್ಚಿಲ್ಲದೆ ನೀವು ಕೊಡಬಹುದಾದ ಕೂಲಿ ಅದು.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ರಾಕ್‌ಸ್ಟಾರ್ 2022ರ ನವೆಂಬರ್‌ನಲ್ಲಿ ರೋಲ್‌ಪ್ಲೇ ಸರ್ವರ್‌ಗಳಿಗೆ ಷರತ್ತು ಹಾಕಿತು: ಒಳಗೇನಿದೆ ಎಂದು ಗೊತ್ತಿಲ್ಲದೆ ಕೊಳ್ಳುವ ಲೂಟ್ ಬಾಕ್ಸ್‌ಗಳನ್ನು ನಿಜವಾದ ಹಣಕ್ಕೆ ಮಾರಬಾರದು, ಕ್ರಿಪ್ಟೊ ಕೂಡದು, ಕಂಪನಿ ಪ್ರಾಯೋಜಕತ್ವ ಕೂಡದು. 2023ರ ಆಗಸ್ಟ್‌ನಲ್ಲಿ ಫೈವ್‌ಎಂ ಮಾಡುವ ತಂಡವನ್ನೇ ಕೊಂಡುಕೊಂಡಿತು. ಇನ್ನು ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿದೆ. ಸರ್ವರ್‌ನೊಳಗಿನ ಕ್ಯಾಸಿನೊದ ಚಿಪ್ಸ್‌ಗೆ ಯುಪಿಐ ಮೂಲಕ ದುಡ್ಡು ತೆಗೆದುಕೊಳ್ಳುವವರು ಬೆಂಕಿಯ ಜೊತೆ ಸರಸ ಆಡುತ್ತಿದ್ದಾರೆ. ದೇಣಿಗೆ ತೆಗೆದುಕೊಂಡರೆ ಮಷೀನ್ ಬಾಡಿಗೆ ಎಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು ಎಂದು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಸ್ಟಾಫ್ ಪುಕ್ಕಟೆ ದುಡಿಯುತ್ತಿರುವಾಗ ಮಾಲೀಕರ ಹೊಸ ಗ್ರಾಫಿಕ್ಸ್ ಕಾರ್ಡ್‌ನ ಫೋಟೋ ಬಂದರೆ, ಅದು ಅವರ ಸ್ವಂತ ಸಂಬಳದ್ದೇ ಆಗಿದ್ದರೂ ಯಾರೂ ನಂಬುವುದಿಲ್ಲ.

ಹೆಣ್ಣುಮಕ್ಕಳು ಮತ್ತು ಚಿಕ್ಕವರ ವಿಷಯಕ್ಕೆ ಬರುತ್ತೇನೆ. ಮೈಕ್ ಆನ್ ಮಾಡಿ ಹೆಣ್ಣು ದನಿ ಕೇಳಿದ ಕೂಡಲೇ ಪಾತ್ರ ಮರೆತು ಹಿಂದೆ ಬೀಳುವವರು ಪ್ರತಿ ಸರ್ವರ್‌ನಲ್ಲೂ ಇದ್ದಾರೆ. ಅದಕ್ಕೆ ನಾವು ಕಂಡುಕೊಂಡ ಪರಿಹಾರ ಒಬ್ಬ ಹುಡುಗಿಯನ್ನು ಮಾಡ್ ಮಾಡಿ, ಅಂಥ ಎಲ್ಲ ಟಿಕೆಟ್‌ಗಳನ್ನೂ ಅವಳ ತಲೆಗೆ ಕಟ್ಟುವುದು. ಆಟವಾಡಲು ಬಂದವಳು ದಿನಾ ಕೊಳಕು ಕ್ಲಿಪ್‌ಗಳನ್ನು ನೋಡುತ್ತ ಕೂರಬೇಕು. ಆ ಸ್ಥಾನದಲ್ಲಿ ಬಹಳ ಕಾಲ ನಿಂತವರು ಕಡಿಮೆ. ಅವರು ಬಿಟ್ಟಾಗ ‘ಹುಡುಗಿಯರಿಗೆ ತಾಳ್ಮೆ ಇಲ್ಲ’ ಎಂಬ ಮಾತು ಬೇರೆ. ಆ ಟಿಕೆಟ್‌ಗಳು ಇಡೀ ಸ್ಟಾಫ್‌ನ ಪಾಳಿಗೆ ಬರಲಿ. ಗಂಡಸರೂ ನೋಡಲಿ.

ಇನ್ನೊಂದು ಮಾತು ಕಿವಿಗೊಟ್ಟು ಕೇಳಿ. 18 ತುಂಬದವರು ನಮ್ಮ ಕಾನೂನಿನಲ್ಲಿ ಮಕ್ಕಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಸರ್ವರ್ ಸೇರಲು ಹಾಕುವ ವೈಟ್‌ಲಿಸ್ಟ್ ಅರ್ಜಿಯಲ್ಲಿ ವಯಸ್ಸಿನ ಪುರಾವೆ ಎಂದು ಐಡಿ ಕಾರ್ಡಿನ ಫೋಟೋ ತರಿಸಿಕೊಂಡು ಡಿಸ್ಕಾರ್ಡ್ ಚಾನೆಲ್‌ನಲ್ಲಿ ಬಿಟ್ಟಿದ್ದರೆ ಇವತ್ತೇ ಅಳಿಸಿ. ಮಗುವೊಂದರ ಮೇಲೆ ಲೈಂಗಿಕ ಕಿರುಕುಳ ನಡೆದ ದೂರು ಬಂದರೆ ಬ್ಯಾನ್ ಹಾಕಿ ಸುಮ್ಮನಾಗುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂಥದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇದ್ದರೆ ಅದೇ ಒಂದು ಅಪರಾಧ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ನಿಮ್ಮ ಸ್ಟಾಫ್ ಚಾನೆಲ್‌ನ ಮೇಲ್ಗಡೆ ಪಿನ್ ಆಗಿರಲಿ. ಹತ್ತೊಂಬತ್ತು ವರ್ಷದ ಮಾಡ್ ಒಬ್ಬನೇ ಕೂತು ಇಂಥದ್ದನ್ನು ತೀರ್ಮಾನಿಸುವ ಸ್ಥಿತಿ ಬರಬಾರದು.

ಕೊನೆಯದಾಗಿ, ಒಡೆದುಹೋಗುವ ಮಾತು. ಸರ್ವರ್ ಇಬ್ಭಾಗವಾಯಿತು ಎಂದರೆ ಮನೆ ಮುರಿದ ಹಾಗೆ ಅಳುತ್ತೇವೆ, ಒಬ್ಬರನ್ನೊಬ್ಬರು ಸ್ಕ್ರಿಪ್ಟ್ ಕಳ್ಳರು ಎನ್ನುತ್ತೇವೆ. ನಮ್ಮ ಊರನ್ನೇ ನೋಡಿ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಮುನಿಸಿಪಾಲಿಟಿ ಇತ್ತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 2007ರಲ್ಲಿ ಕೆ.ಆರ್. ಪುರ, ಮಹದೇವಪುರದಂಥ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಆಯಿತು. 2025ರಲ್ಲಿ ಅದೇ ಮತ್ತೆ ಐದು ಪಾಲಿಕೆಗಳಾಗಿ, ಶಿವಾಜಿನಗರ ಕೇಂದ್ರಕ್ಕೂ ಕೆ.ಆರ್. ಪುರ ಪೂರ್ವಕ್ಕೂ ಸೇರಿದವು. ಸೇರುವುದೂ ಒಡೆಯುವುದೂ ಬೆಳೆದ ಊರಿನ ಸಹಜ ಕೆಲಸ. ಕಡತ ಯಾರ ಕೈಗೆ ಹೋಯಿತು, ಕಂದಾಯ ಎಲ್ಲಿ ಕಟ್ಟಬೇಕು ಎಂದು ಹೇಳದಿದ್ದರೆ ಮಾತ್ರ ಜನರಿಗೆ ಕಷ್ಟ. ಸರ್ವರ್ ಒಡೆಯುವುದಾದರೂ ಹಾಗೇ. ಯಾರ ಸ್ಕ್ರಿಪ್ಟ್ ಯಾರಿಗೆ, ಉಳಿದ ದೇಣಿಗೆ ಎಲ್ಲಿಗೆ, ಆಟಗಾರರ ಮಾಹಿತಿ ಏನಾಗುತ್ತದೆ ಎಂದು ಬರೆದು ಸಹಿ ಹಾಕಿಕೊಂಡು ಬೇರೆಯಾಗಿ. ಆಮೇಲೂ ಒಟ್ಟಿಗೆ ಬಿರಿಯಾನಿ ತಿನ್ನಬಹುದು.

ಹಾಗಾದರೆ ಮಾಡಬೇಕಾದ್ದೇನು? ನನ್ನ ಬೇಡಿಕೆಗಳು ಇವು.

ಒಂದು, ಸ್ಟಾಫ್ ಸ್ಥಾನಕ್ಕೆ ಆರು ತಿಂಗಳ ಅವಧಿ ಇರಲಿ. ಮುಗಿದ ಮೇಲೆ ಕನಿಷ್ಠ ಎರಡು ತಿಂಗಳು ಬರೀ ಆಟಗಾರರಾಗಿರಬೇಕು. ಬೇಕಿದ್ದರೆ ಆಮೇಲೆ ಮರಳಿ ಬರಲಿ. ರಜೆ ಕಡ್ಡಾಯವಾದರೆ ಬಿಡುವುದು ಅವಮಾನ ಎನಿಸುವುದಿಲ್ಲ.

ಎರಡು, ಶಾಶ್ವತ ಬ್ಯಾನ್ ಒಬ್ಬರ ಕೈಯಲ್ಲಿ ಬೇಡ, ಇಬ್ಬರು ಒಪ್ಪಬೇಕು. ಅವರಲ್ಲಿ ಒಬ್ಬರಿಗಾದರೂ ಆ ಜಗಳ ನಡೆದ ಭಾಷೆ ಬರಬೇಕು. ಬ್ಯಾನ್ ಹಾಕಿದವರು ಅದರ ಅಪೀಲು ಕೇಳಬಾರದು.

ಮೂರು, ಸ್ಟಾಫ್ ಆಗಿರುವಷ್ಟು ಕಾಲ ಗ್ಯಾಂಗ್ ಮುಖ್ಯಸ್ಥರೂ ಆಗಬಾರದು, ಪೊಲೀಸ್ ಮುಖ್ಯಸ್ಥರೂ ಆಗಬಾರದು. ಅಡ್ಮಿನ್ ಕೊಟ್ಟ ಪ್ರತಿ ಕಾರು, ಪ್ರತಿ ರೂಪಾಯಿಯ ದಾಖಲೆ ಎಲ್ಲ ಸ್ಟಾಫ್‌ಗೂ ಕಾಣಬೇಕು.

ನಾಲ್ಕು, ಪಾಳಿ ಪಟ್ಟಿ ಇರಲಿ. ವಾರಕ್ಕೆ ಇಷ್ಟೇ ಗಂಟೆ ಎಂದು ಅವರವರೇ ಮೊದಲು ಹೇಳಲಿ, ಅದಕ್ಕಿಂತ ಹೆಚ್ಚು ಯಾರೂ ಕೇಳಬಾರದು. ಪಾಳಿಯಲ್ಲಿ ಯಾರೂ ಇಲ್ಲದ ಹೊತ್ತು ‘ಈಗ ಸ್ಟಾಫ್ ಇಲ್ಲ, ನಾಳೆ ನೋಡುತ್ತೇವೆ’ ಎಂದು ಹಾಕಿಬಿಡಿ. ಆಟ ತಾನೇ, ಬೆಳಗಿನವರೆಗೆ ಕಾಯುತ್ತದೆ.

ಐದು, ಮಾಲೀಕರೂ ಈ ನಿಯಮಗಳ ಒಳಗೇ ಇರಬೇಕು. ಪಾಸ್‌ವರ್ಡ್ ಮತ್ತು ಬ್ಯಾಕಪ್ ಇಬ್ಬರ ಬಳಿಯಾದರೂ ಇರಲಿ. ಮಾಲೀಕರ ಮೇಲೆ ದೂರು ಬಂದರೆ ಕೇಳುವವರು ಯಾರು ಎಂದು ಮೊದಲೇ ಹೆಸರು ಬರೆದಿಡಿ. ಇದೊಂದನ್ನು ಒಪ್ಪದ ಮಾಲೀಕರ ಬಳಿ ಉಳಿದ ನಾಲ್ಕೂ ಬರೀ ಕಾಗದ.

‘ಇಷ್ಟೆಲ್ಲ ನಿಯಮ ಇಟ್ಟರೆ ಮಜಾ ಎಲ್ಲಿ’ ಎಂದು ಕೇಳುವವರಿದ್ದೀರಿ. ಆಟದೊಳಗೆ ಬೇಕಾದಷ್ಟು ಅನ್ಯಾಯ ಇರಲಿ. ಲಂಚ ತಿನ್ನುವ ಪೊಲೀಸ್, ಮೋಸ ಮಾಡುವ ಸೇಟು, ಬೆನ್ನಿಗೆ ಚೂರಿ ಹಾಕುವ ಗೆಳೆಯ ಎಲ್ಲರೂ ಬರಲಿ, ಕತೆ ಬೆಳೆಯುವುದೇ ಅದರಿಂದ. ಆಟದೊಳಗಿನ ಅನ್ಯಾಯವನ್ನು ನಗುತ್ತ ಅನುಭವಿಸಬೇಕಾದರೆ ಆಟದ ಹೊರಗೆ ನ್ಯಾಯ ಸಿಗುತ್ತದೆ ಎಂಬ ಧೈರ್ಯ ಇರಬೇಕು. ಆ ಧೈರ್ಯ ಕೊಡುವುದು ನಿಮ್ಮ ಕೆಲಸ. ಅದನ್ನು ಕೋಡ್‌ನಲ್ಲಿ ಬರೆಯಲಾಗುವುದಿಲ್ಲ.

ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಹೊಸ ಕಾರು, ಹೊಸ ಮ್ಯಾಪ್ ಎಲ್ಲ ಬದಿಗಿಟ್ಟು ಒಂದೇ ವಿಷಯ ತೆಗೆದುಕೊಳ್ಳಿ: ಯಾರ ಅವಧಿ ಯಾವಾಗ ಮುಗಿಯುತ್ತದೆ? ಮೊದಲ ಹೆಸರು ಎಲ್ಲರಿಗಿಂತ ಹಳಬರದಾಗಿರಲಿ. ಬರೆದ ಪಟ್ಟಿಯನ್ನು ಆಟಗಾರರಿಗೂ ಕಾಣುವ ಹಾಗೆ ಹಾಕಿ. ಹಾಕಿದ ಸರ್ವರ್‌ನಲ್ಲಿ ಆಡಲು ನಾವು ಬರುತ್ತೇವೆ, ಕ್ಯೂ ಎಷ್ಟೇ ಉದ್ದ ಇದ್ದರೂ.

ಇತಿ,
ಹಲಸೂರಿನ ಒಬ್ಬ ಆಟಗಾರ, ಮಾಜಿ ಸ್ಟಾಫ್